ಹುತ್ತ ಕಟ್ಟಿದ ಕುಂಬಾರ ಯಾರು?

ಪ್ರಶ್ನೆ: ನಾನು ಎಣ್ಮಕಜೆ ಪಂಚಾಯತಿನವನು, ಕಾಸರಗೋಡಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ನನ್ನ ಚಿಕ್ಕಮ್ಮನ ಮಗ ಹುಟ್ಟಿದಾಗಿನಿಂದ ಮಲಗಿದಲ್ಲೇ ಇದ್ದು, ನನಗೆ ಏಳು ವರ್ಷವಿದ್ದಾಗ ತೀರಿಕೊಂಡ. ಮೊದಲು ಅಜ್ಜಿ ಅದನ್ನು ಜಟಾಧಾರಿ ದೈವದ ಕೋಪ ಎನ್ನುತ್ತಿದ್ದರಂತೆ. ಆಮೇಲೆ ಗೇರು ತೋಟಕ್ಕೆ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕ ಎಂದು ಗೊತ್ತಾಯಿತು. ಗೊತ್ತಾದ ಮೇಲೂ ಅಜ್ಜಿ ಹರಕೆ ಬಿಡಲಿಲ್ಲ. ದೇವರು ಇದ್ದರೆ ಇದನ್ನೆಲ್ಲ ನೋಡಿಕೊಂಡು ಹೇಗೆ ಸುಮ್ಮನಿದ್ದ? ಇಲ್ಲದಿದ್ದರೆ ಇಷ್ಟು ಜನ ಯಾಕೆ ನಂಬುತ್ತಾರೆ? ಬರುವ ತಿಂಗಳು ಮನೆಯಲ್ಲಿ ತಂಬಿಲ, ಅಂದರೆ ದೈವಕ್ಕೆ ಸಲ್ಲಿಸುವ ಸೇವೆ. ಹರಕೆಗೆಂದು ಕಟ್ಟಿಟ್ಟ ಮುಡಿಪನ್ನು ನನ್ನ ಕೈಯಿಂದಲೇ ಕೊಡಿಸಬೇಕೆಂದು ಅಜ್ಜಿಯ ಹಟ. ನಂಬಿಕೆ ಇಲ್ಲದೆ ಕೈಮುಗಿಯುವುದು ಕಪಟವಲ್ಲವೇ?

ಉತ್ತರ: ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಲೋಕವನ್ನು ಮಾಡಿದವನೊಬ್ಬ ಇದ್ದಾನೆ ಎಂದು ಸಂದೇಹಕ್ಕೆ ಎಡೆಯಿಲ್ಲದಂತೆ ಸಾಧಿಸುವ ವಾದ, ಮೂವತ್ತು ವರ್ಷ ತತ್ತ್ವಶಾಸ್ತ್ರದ ಪಾಠ ಮಾಡಿದ ನನಗೆ ಸಿಕ್ಕಿಲ್ಲ. ಅಂಥವನು ಇಲ್ಲವೇ ಇಲ್ಲ ಎಂದು ಸಾಧಿಸುವ ವಾದವೂ ಸಿಕ್ಕಿಲ್ಲ. ಆದರೆ ನಮ್ಮ ಕಷ್ಟಸುಖವನ್ನು ಮೇಲಿನಿಂದ ಕಾಯುತ್ತಿರುವವನೊಬ್ಬ ಇದ್ದಾನೆ ಎಂಬುದನ್ನು ಮಾತ್ರ ನಾನು ನಂಬುವುದಿಲ್ಲ. ಆ ನಂಬಿಕೆ ನನ್ನಿಂದ ಕಳಚಿಬಿದ್ದದ್ದು ಪುಸ್ತಕ ಓದಿ ಅಲ್ಲ, ನಿಮ್ಮ ಊರಿನ ಪಡ್ರೆ, ಸ್ವರ್ಗ ಎಂಬ ಕಡೆಗಳ ಕೆಲವು ಮನೆಗಳ ಚಾವಡಿಯಲ್ಲಿ ಕುಳಿತಾಗ. ಇಷ್ಟು ಹೇಳಿದ ಮೇಲೂ ನಿಮ್ಮ ಅಜ್ಜಿ ತಪ್ಪು ಮಾಡುತ್ತಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ಯಾಕೆ ಎಂದು ಹೇಳುವುದಕ್ಕೆ ಸ್ವಲ್ಪ ಸುತ್ತಿ ಬರಬೇಕು.

‘ಆಸ್ತಿಕ’, ‘ನಾಸ್ತಿಕ’ ಎಂಬ ಪದಗಳನ್ನು ನಾವು ಬಳಸುವ ರೀತಿಯಲ್ಲೇ ಒಂದು ತೊಡಕಿದೆ. ದೇವರಿದ್ದಾನೆ ಎನ್ನುವವನು ಆಸ್ತಿಕ, ಇಲ್ಲ ಎನ್ನುವವನು ನಾಸ್ತಿಕ ಎಂಬುದು ಇಂದಿನ ಅರ್ಥ. ಹಳಬರಿಗೆ ಹಾಗಿರಲಿಲ್ಲ. ಪಾಣಿನಿಯ ಸೂತ್ರಕ್ಕೆ ವ್ಯಾಖ್ಯಾನ ಬರೆದವರು ಪರಲೋಕ ಉಂಟೆನ್ನುವವನನ್ನು ಆಸ್ತಿಕ ಎಂದರು. ಮನುಸ್ಮೃತಿಗೆ ವೇದವನ್ನು ನಿಂದಿಸುವವನು ನಾಸ್ತಿಕ. ಹೀಗಾಗಿ ನಮ್ಮ ದರ್ಶನಗಳಲ್ಲಿ ಒಂದು ವಿಚಿತ್ರ ಕಾಣಿಸುತ್ತದೆ. ಯಜ್ಞಯಾಗಗಳನ್ನು ತಲೆಯ ಮೇಲೆ ಹೊತ್ತ ಮೀಮಾಂಸಕರು, ಅವರಲ್ಲೂ 7ನೇ ಶತಮಾನದ ಕುಮಾರಿಲ ಭಟ್ಟ, ಲೋಕವನ್ನು ಸೃಷ್ಟಿಸಿದ ಈಶ್ವರನನ್ನು ಒಪ್ಪಲಿಲ್ಲ. ಏನೂ ಇಲ್ಲದಿದ್ದಾಗ ಈಶ್ವರ ಯಾಕೆ ಸೃಷ್ಟಿಸಿದ ಎಂದು ಕುಮಾರಿಲ ಕೇಳುತ್ತಾನೆ. ಕರುಣೆಯಿಂದ ಎಂದರೆ, ಕರುಣೆ ತೋರಿಸಬೇಕಾದ ಜೀವಿಯೇ ಆಗ ಇರಲಿಲ್ಲ. ಕರುಣೆಯಿಂದಲೇ ಮಾಡಿದ್ದರೆ ಸುಖವನ್ನು ಮಾತ್ರ ಮಾಡಬೇಕಿತ್ತು. ಸುಮ್ಮನೆ ಮಾಡಿದ ಎಂದರೆ, ಪ್ರಯೋಜನವಿಲ್ಲದೆ ಮಂದಮತಿಯೂ ಒಂದು ಕೆಲಸಕ್ಕೆ ಕೈಹಾಕುವುದಿಲ್ಲವಲ್ಲ! ಇದು ಯಾವ ವಿಚಾರವಾದಿ ಸಂಘದ ಕರಪತ್ರವೂ ಅಲ್ಲ, ಕರ್ಮಠ ವೈದಿಕನೊಬ್ಬನ ಮಾತು. ಸಾಂಖ್ಯರೂ ಈಶ್ವರ ಸಿದ್ಧಿಸುವುದಿಲ್ಲ ಎಂದರು. ನಮ್ಮ ಮಂಜೇಶ್ವರದಲ್ಲಿ ಬಸದಿ ಕಟ್ಟಿಕೊಂಡು ಬಾಳಿದ ಜೈನರಿಗೆ ಸೃಷ್ಟಿಕರ್ತನ ಅಗತ್ಯವೇ ಕಾಣಲಿಲ್ಲ; ಅವರ ಲೋಕ ಅನಾದಿ. ಹಾಗಾಗಿ ಸಂದೇಹವನ್ನು ನೀವು ಕಾಲೇಜಿನ ಪ್ರಯೋಗಾಲಯದಿಂದ ಮನೆಗೆ ಹೊತ್ತು ತಂದ ಪರದೇಶಿ ಸಾಮಾನು ಎಂದು ಭಾವಿಸಿ ಅಳುಕಬೇಕಾಗಿಲ್ಲ.

ಇನ್ನು ಸಾಧಿಸಲು ಹೊರಟವರ ಮಾತು. ಅವರಲ್ಲಿ ದೊಡ್ಡವನು ಮಿಥಿಲೆಯ ಉದಯನ, 10ನೇ ಶತಮಾನದ ನೈಯಾಯಿಕ, ಅಂದರೆ ತರ್ಕವನ್ನೇ ಮುಖ್ಯವಾಗಿಟ್ಟ ನ್ಯಾಯದರ್ಶನದವನು. ಈಶ್ವರನನ್ನು ಸಾಧಿಸುವುದಕ್ಕೆಂದೇ ಅವನು ‘ನ್ಯಾಯಕುಸುಮಾಂಜಲಿ’ ಬರೆದ. ಅವನ ವಾದಗಳ ಸಾಲಿನಲ್ಲಿ ಮೊದಲನೆಯದು ‘ಕಾರ್ಯ’. ಮಡಕೆ ಒಂದು ಕಾರ್ಯ, ಅದಕ್ಕೆ ಕುಂಬಾರ ಬೇಕು. ಭೂಮಿಯೂ ಭಾಗಗಳು ಸೇರಿ ಆದದ್ದು, ಅದೂ ಕಾರ್ಯ, ಆದ್ದರಿಂದ ಅದಕ್ಕೂ ಒಬ್ಬ ಕರ್ತೃ ಬೇಕು. ಬಾಗ್ದಾದಿನ ಮದರಸಾದಲ್ಲಿ ಪಾಠ ಹೇಳಿದ ಅಲ್ ಗಜಾಲಿಯ ತರ್ಕವೂ ಇದರ ನೆಂಟನೇ: ಆರಂಭವಿರುವ ಎಲ್ಲದಕ್ಕೂ ಕಾರಣವಿದೆ, ಲೋಕಕ್ಕೆ ಆರಂಭವಿದೆ. 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ ಮಡಕೆಯ ಜಾಗದಲ್ಲಿ ಗಡಿಯಾರವನ್ನು ಇಟ್ಟ. ಪಳ್ಳಿಯಲ್ಲಿ ಕೇಳಿದರೂ ಇಗರ್ಜಿಯಲ್ಲಿ ಕೇಳಿದರೂ ಮಠದಲ್ಲಿ ಕೇಳಿದರೂ ಮೂಲ ತರ್ಕ ಹೆಚ್ಚುಕಡಿಮೆ ಒಂದೇ, ಅದನ್ನು ಹೇಳುವಾಗಿನ ದನಿ ಮಾತ್ರ ಬೇರೆ.

ಈ ತರ್ಕಕ್ಕೆ ನಾನು ಕಂಡ ಅತ್ಯಂತ ಚೂಪಾದ ಉತ್ತರ ಬೌದ್ಧ ತತ್ತ್ವಜ್ಞಾನಿ ಧರ್ಮಕೀರ್ತಿಯದು, ಉದಯನನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನದು. ಮಡಕೆ ಮಣ್ಣಿನ ವಿಕಾರ, ಅದನ್ನು ಕುಂಬಾರ ಮಾಡಿದ. ಅಷ್ಟರಿಂದಲೇ ಮಣ್ಣಿನ ವಿಕಾರವಾದ ಎಲ್ಲವನ್ನೂ ಕುಂಬಾರ ಮಾಡಿದ ಎನ್ನುವುದಾದರೆ ಹುತ್ತವನ್ನೂ ಕುಂಬಾರನೇ ಕಟ್ಟಿದ ಎನ್ನಬೇಕಾಗುತ್ತದೆ! ಸುಮಾರು ಸಾವಿರದ ನೂರು ವರ್ಷದ ಬಳಿಕ, 1779ರಲ್ಲಿ ಅಚ್ಚಾದ ಪುಸ್ತಕದಲ್ಲಿ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಹೇಳಿದ್ದೂ ಇದೇ ಜಾಡಿನ ಮಾತು. ಮನೆ ಕಟ್ಟುವವರನ್ನು ನಾವು ಕಂಡಿದ್ದೇವೆ, ಲೋಕ ಕಟ್ಟುವವರನ್ನು ಕಂಡಿಲ್ಲ; ಇರುವುದು ಒಂದೇ ಲೋಕ, ಹೋಲಿಸಲು ಇನ್ನೊಂದಿಲ್ಲ. ಆದರೂ ನನಗೆ ಧರ್ಮಕೀರ್ತಿಯ ಹುತ್ತವೇ ಇಷ್ಟ. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಆಳೆತ್ತರದ ಹುತ್ತಗಳನ್ನು ನೋಡುತ್ತಲೇ ಬೆಳೆದವರು ನಾವು. ಒಳಗೆ ಗಾಳಿಯ ದಾರಿ, ಕೋಣೆ, ಓಣಿ ಎಲ್ಲ ಇವೆ. ಯಾವ ಗೆದ್ದಲಿನ ತಲೆಯಲ್ಲೂ ಇಡೀ ಹುತ್ತದ ನಕ್ಷೆ ಇಲ್ಲ. ಒಂದೊಂದೂ ಒಂದೊಂದು ಮಣ್ಣಿನ ಉಂಡೆ ಇಡುತ್ತದೆ, ಪಕ್ಕದಲ್ಲಿ ಇನ್ನೊಂದು ಇಡುತ್ತದೆ. ಯಾರೂ ಯೋಜಿಸದೆ ಯೋಜನೆಯಂತೆ ಕಾಣುವುದು ಹೀಗೂ ಹುಟ್ಟಬಹುದು. 1859ರಲ್ಲಿ ಡಾರ್ವಿನ್ ಜೀವಲೋಕಕ್ಕೆಲ್ಲ ಇಂಥದ್ದೊಂದು ದಾರಿ ತೋರಿಸಿದ ಮೇಲೆ, ಕಣ್ಣಿನ ರಚನೆಯನ್ನೋ ಜೇನುಗೂಡನ್ನೋ ತೋರಿಸಿ ಕುಂಬಾರನನ್ನು ಸಾಧಿಸುವ ಕಾಲ ಮುಗಿಯಿತು.

ಹಾಗೆಂದು ಡಾರ್ವಿನ್ ದೇವರನ್ನು ಮನೆಯಿಂದ ಹೊರಹಾಕಿದ ಎಂದು ನಿಮ್ಮ ಗೆಳೆಯರು ಯಾರಾದರೂ ಹೇಳಿದರೆ ಅದೂ ಅವಸರದ ಮಾತು. ಗೆದ್ದಲು ಎಲ್ಲಿಂದ ಬಂತು, ಮಣ್ಣು ಯಾಕಿದೆ, ಏನೂ ಇಲ್ಲದೆ ಇರಬಹುದಾಗಿದ್ದಲ್ಲಿ ಏನೋ ಒಂದು ಯಾಕಿದೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಈ ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ ವಯಸ್ಸು ಎಂದು ಭೌತವಿಜ್ಞಾನ ಲೆಕ್ಕ ಹಾಕಿದೆ. ಅದರ ನಿಯಮಗಳು ಹೀಗೇ ಯಾಕಿವೆ ಎಂಬುದಕ್ಕೆ ಲೆಕ್ಕ ಇಲ್ಲ. ನಂಬುವವರ ಕೈಯಲ್ಲಿ ಉಳಿದಿರುವ ಗಟ್ಟಿ ನಾಣ್ಯ ಇದೊಂದೇ ಎಂದು ನನಗೆ ಅನ್ನಿಸುತ್ತದೆ. ಆ ಪ್ರಶ್ನೆಯ ಮುಂದೆ ‘ದೇವರು’ ಎನ್ನುವುದೂ ‘ಸುಮ್ಮನೆ ಇದೆ’ ಎನ್ನುವುದೂ ಒಂದೇ ತೂಕದ ಉತ್ತರಗಳು ಎಂಬ ನಿಲುವಿಗೆ ಬಂದು ನಾನು ಎಂದೋ ನಿಂತುಬಿಟ್ಟಿದ್ದೇನೆ.

ಉದಯನನ ಬಗ್ಗೆ ಒಂದು ಕಥೆ ಇದೆ, ಹೇಳದೆ ಮುಂದೆ ಹೋಗಲಾರೆ. ಪುರಿಯ ಜಗನ್ನಾಥನ ದರ್ಶನಕ್ಕೆ ಹೋದಾಗ ಬಾಗಿಲು ಮುಚ್ಚಿತ್ತಂತೆ. ಉದಯನನಿಗೆ ಸಿಟ್ಟು ಬಂತು. ಐಶ್ವರ್ಯದ ಮದದಲ್ಲಿ ನನ್ನನ್ನು ಕಡೆಗಣಿಸುತ್ತೀಯಲ್ಲ, ನಾಳೆ ಬೌದ್ಧರು ವಾದಕ್ಕೆ ಬಂದು ನಿಂತಾಗ ನಿನ್ನ ಇರವು ಇರುವುದು ನನ್ನ ಕೈಯಲ್ಲಿ ಎಂದು ದೇವರನ್ನೇ ಗದರಿಸಿದನಂತೆ. ಕಥೆ ನಿಜವೋ ಸುಳ್ಳೋ, ಅದರೊಳಗಿನ ತಮಾಷೆ ನಿಜ. ದೇವರ ಪರವಾಗಿ ಅಷ್ಟೆಲ್ಲ ತರ್ಕ ಹೂಡಿದವನಿಗೆ ಬೇಕಾಗಿದ್ದದ್ದು ತರ್ಕದಿಂದ ಸಿದ್ಧವಾದ ಕರ್ತೃವಲ್ಲ, ಬಾಗಿಲು ತೆರೆದು ಮುಖ ತೋರಿಸುವವನು.

ಗಾಢವಾಗಿ ನಂಬಿದವರು ತರ್ಕವನ್ನು ಹೆಚ್ಚು ಆಧರಿಸಲಿಲ್ಲ ಎಂಬುದಕ್ಕೆ ನಮ್ಮ ಊರೇ ಸಾಕ್ಷಿ. 13ನೇ ಶತಮಾನದಲ್ಲಿ ಕುಂಬಳೆ ಸೀಮೆಯ ವಿಷ್ಣುಮಂಗಲ ದೇವಾಲಯದಲ್ಲಿ ಮಧ್ವಾಚಾರ್ಯರಿಗೂ ತ್ರಿವಿಕ್ರಮ ಪಂಡಿತರಿಗೂ ದಿನಗಟ್ಟಲೆ ವಾದ ನಡೆಯಿತು, ಕೊನೆಗೆ ಪಂಡಿತರು ಮಧ್ವರ ಶಿಷ್ಯರಾದರು. ಅಲ್ಲಿನ ಜಗಳ ಜೀವಕ್ಕೂ ಬ್ರಹ್ಮಕ್ಕೂ ಭೇದ ಉಂಟೇ ಇಲ್ಲವೇ ಎಂಬುದು. ಬರಿಯ ತರ್ಕದಿಂದ ದೇವರನ್ನು ತಿಳಿಯಲಾಗದು ಎಂಬಲ್ಲಿ ಎರಡು ಪಕ್ಷಕ್ಕೂ ಜಗಳವಿರಲಿಲ್ಲ. ಮಧ್ವರಿಗೆ ವಿಷ್ಣು ಸದಾಗಮದಿಂದ, ಅಂದರೆ ವೇದಾದಿ ಶಾಸ್ತ್ರಗಳಿಂದ, ಮಾತ್ರ ತಿಳಿಯತಕ್ಕವನು. ಎಡನೀರಿನ ಮಠದವರು ಹಿಡಿದ ಅದ್ವೈತದ ಹಾದಿಯಲ್ಲಿ ಶಂಕರರೂ ತರ್ಕಕ್ಕೆ ನಿಲುಗಡೆಯಿಲ್ಲ ಎಂಬ, ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದ ಮಾತಿಗೆ ವಿಸ್ತಾರವಾಗಿ ಬರೆದಿದ್ದಾರೆ: ಒಬ್ಬ ಜಾಣ ಕಟ್ಟಿದ್ದನ್ನು ಇನ್ನೊಬ್ಬ ಜಾಣ ಕೆಡವುತ್ತಾನೆ. ಹಾಗಾದರೆ ಶಾಸ್ತ್ರವೇ ಪ್ರಮಾಣ. ಆದರೆ ಯಾವ ಶಾಸ್ತ್ರ? ತಳಂಗರೆಯ ಮಾಲಿಕ್ ದೀನಾರ್ ಮಸೀದಿಯಲ್ಲಿ ಒಂದು ಗ್ರಂಥ, ಬೇಳದ ಇಗರ್ಜಿಯಲ್ಲಿ ಇನ್ನೊಂದು. ಹುಟ್ಟಿದ ಮನೆಯೇ ಪ್ರಮಾಣವನ್ನು ಆರಿಸಿಕೊಡುತ್ತದೆ. ಈ ಒಂದು ಆಕ್ಷೇಪಕ್ಕೆ ನನಗೆ ಒಪ್ಪಿಗೆಯಾಗುವ ಸಮಾಧಾನವನ್ನು ಯಾವ ಆಚಾರ್ಯರೂ ಕೊಟ್ಟಂತೆ ಕಾಣೆ.

ಈಗ ನಿಮ್ಮ ಚಿಕ್ಕಮ್ಮನ ಮಗನ ವಿಷಯಕ್ಕೆ ಬರುತ್ತೇನೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು, ಗೇರು ಹೂವಿನ ರಸ ಹೀರುವ ಸೊಳ್ಳೆಯಂಥ ಒಂದು ಕೀಟವನ್ನು ಕೊಲ್ಲಲು. ಗುಡ್ಡದ ಮೇಲೆ ತೋಟ, ಬುಡದಲ್ಲಿ ಮನೆ. ಕುಡಿಯುವ ನೀರು ಗುಡ್ಡ ಕೊರೆದ ಸುರಂಗದ್ದು ಅಥವಾ ತೋಡಿನದ್ದು. ಕರುಗಳು ಕಾಲು ಸೊಟ್ಟಗಾಗಿ ಹುಟ್ಟಿದವು, ಆಮೇಲೆ ಮಕ್ಕಳು. ಕಾರಣ ತಿಳಿಯದಿದ್ದಾಗ ಜಟಾಧಾರಿಯ ಕೋಪ ಎಂದವರು ನಿಮ್ಮ ಅಜ್ಜಿ ಒಬ್ಬರೇ ಅಲ್ಲ.

‘ದೇವರು ಹೇಗೆ ಸುಮ್ಮನಿದ್ದ’ ಎಂಬ ಪ್ರಶ್ನೆಯನ್ನು ಬ್ರಹ್ಮಸೂತ್ರ ಎರಡು ಪದಗಳಲ್ಲಿ ಎತ್ತುತ್ತದೆ: ವೈಷಮ್ಯ, ನೈರ್ಘೃಣ್ಯ. ಅಂದರೆ ಪಕ್ಷಪಾತ, ಕರುಣೆಯಿಲ್ಲದಿರುವಿಕೆ. ಒಬ್ಬನನ್ನು ಸುಖಿಯಾಗಿ, ಇನ್ನೊಬ್ಬನನ್ನು ದುಃಖಿಯಾಗಿ ಮಾಡಿದ ಈಶ್ವರನಿಗೆ ಈ ಎರಡು ದೋಷಗಳು ಬರುವುದಿಲ್ಲವೇ? ಇಲ್ಲ, ಅವನು ಜೀವಿಗಳ ಕರ್ಮವನ್ನು ನೋಡಿಕೊಂಡು ಮಾಡುತ್ತಾನೆ ಎಂಬುದು ಉತ್ತರ. ಶಂಕರರು ಮಳೆಯ ಉದಾಹರಣೆ ಕೊಡುತ್ತಾರೆ. ಮಳೆ ಎಲ್ಲಕ್ಕೂ ಒಂದೇ, ಭತ್ತ ಭತ್ತವಾಗುವುದು, ಜವೆ ಜವೆಯಾಗುವುದು ಬೀಜದ ಗುಣದಿಂದ. ತರ್ಕವಾಗಿ ಇದು ಒಳಗೊಳಗೆ ಎಲ್ಲೂ ಒಡೆಯುವುದಿಲ್ಲ. ಮೊದಲ ಕರ್ಮ ಎಲ್ಲಿಂದ ಬಂತು ಎಂದರೆ ಸಂಸಾರಕ್ಕೆ ಆದಿಯಿಲ್ಲ ಎಂದು ಮುಂದಿನ ಸೂತ್ರ ಬಾಗಿಲು ಹಾಕುತ್ತದೆ.

ತರಗತಿಯಲ್ಲಿ ವರ್ಷವರ್ಷವೂ ಇದನ್ನು ಮೆಚ್ಚಿ ಪಾಠ ಮಾಡಿದ್ದೇನೆ. ಒಂದು ದಿನ ನಿಮ್ಮ ಕಡೆಯ ಒಂದು ಮನೆಗೆ, ತಲೆ ಮಾತ್ರ ಬೆಳೆದ ಮಗುವೊಂದನ್ನು ಮಡಿಲಲ್ಲಿಟ್ಟುಕೊಂಡ ತಾಯಿಯ ಎದುರಿಗೆ ಹೋಗಿ ಕುಳಿತೆ. ಆ ಮಳೆಯ ಉದಾಹರಣೆ ನೆನಪಾಯಿತು. ಇಲ್ಲಿ ಮಳೆಯೇ ವಿಷವಾಗಿತ್ತು, ಬೀಜದಲ್ಲಿ ದೋಷವಿರಲಿಲ್ಲ. ಇದು ನಿನ್ನ ಮಗುವಿನ ಹಿಂದಿನ ಜನ್ಮದ ಕರ್ಮ ಎಂದು ಆ ತಾಯಿಗೆ ಹೇಳುವ ಬಾಯಿ ನನಗಿರಲಿಲ್ಲ. ಯಾವ ಸಿದ್ಧಾಂತವನ್ನು ನೊಂದವರ ಎದುರು ಬಾಯಿಬಿಟ್ಟು ಹೇಳಲಾಗುವುದಿಲ್ಲವೋ ಅದನ್ನು ತರಗತಿಯಲ್ಲಿ ಹೇಳುವುದರಲ್ಲೂ ಏನೋ ಕೊರತೆ ಇದೆ. ಕರ್ಮವೆಂದು ಒಪ್ಪಿಕೊಂಡರೆ ಇನ್ನೊಂದು ಅನಾಹುತವೂ ಇತ್ತು, ಹೆಲಿಕಾಪ್ಟರನ್ನು ಯಾರೂ ಕೇಳುತ್ತಿರಲಿಲ್ಲ. ಪುಣ್ಯಕ್ಕೆ ಜನ ಕೇಳಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ತಡೆಹಿಡಿಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಧರಣಿಗೆ ಕುಳಿತವರಲ್ಲಿ ಹರಕೆ ಹೊತ್ತವರೂ ಇದ್ದರು. ಕೈಯಲ್ಲಿ ಮುಡಿಪೂ ಅರ್ಜಿಯೂ ಒಟ್ಟಿಗೆ ಇರಲು ಅವರಿಗೆ ಯಾವ ತೊಂದರೆಯೂ ಕಾಣಲಿಲ್ಲ. ತೊಂದರೆ ಕಾಣುವುದು ನಿಮಗೆ ಮತ್ತು ನನಗೆ.

ಅವರಿಗೆ ಯಾಕೆ ಕಾಣಲಿಲ್ಲ? ಇಲ್ಲಿ ಮತ್ತೆ ಗೆದ್ದಲು ಬರುತ್ತದೆ. ಆಫ್ರಿಕಾದ ಜಾಂಡೆ ಜನರ ನಡುವೆ ಇದ್ದು ಬಂದ ಮಾನವಶಾಸ್ತ್ರಜ್ಞ ಇವಾನ್ಸ್ ಪ್ರಿಚರ್ಡ್ 1937ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಕಣಜದ ಉದಾಹರಣೆ ಇದೆ. ಕಂಬಗಳ ಮೇಲೆ ನಿಂತ ಕಣಜ, ಅದರ ನೆರಳಿನಲ್ಲಿ ಜನ ಕುಳಿತುಕೊಳ್ಳುತ್ತಾರೆ. ಒಂದು ದಿನ ಅದು ಕುಸಿದು ಕೆಳಗಿದ್ದವರಿಗೆ ಪೆಟ್ಟಾಗುತ್ತದೆ. ಕಂಬವನ್ನು ಗೆದ್ದಲು ತಿಂದಿತ್ತು ಎಂದು ಜಾಂಡೆಯವರಿಗೆ ಚೆನ್ನಾಗಿ ಗೊತ್ತು. ಅವರು ಕೇಳುವುದು, ಈ ಜನ ಕುಳಿತ ಈ ಗಳಿಗೆಯಲ್ಲೇ ಯಾಕೆ ಕುಸಿಯಿತು ಎಂದು. ನಾವು ಅದನ್ನು ಕಾಕತಾಳೀಯ ಎಂದು ಬಿಡುತ್ತೇವೆ. ಅವರು ಬಿಡುವುದಿಲ್ಲ, ಮಾಟ ಎನ್ನುತ್ತಾರೆ. ‘ಏನಾಯಿತು’ ಎಂಬುದಕ್ಕೆ ವಿಷ ಎಂಬ ಉತ್ತರ ನಿಮ್ಮ ಅಜ್ಜಿಗೆ ಸಿಕ್ಕಿದೆ. ‘ನಮ್ಮ ಮನೆಯಲ್ಲೇ ಯಾಕೆ’ ಎಂಬುದಕ್ಕೆ ಪ್ರಯೋಗಾಲಯದ ವರದಿಯಲ್ಲಿ ಅಂಕಣ ಇರುವುದಿಲ್ಲ. ಆ ಪ್ರಶ್ನೆಯೇ ತಪ್ಪು ಎಂದು ನಾನು ತರಗತಿಯಲ್ಲಿ ವಾದಿಸಬಲ್ಲೆ. ನನ್ನ ತಾಯಿ ತೀರಿಕೊಂಡ ವರ್ಷ ಆ ಪ್ರಶ್ನೆಯನ್ನು ನಾನೂ ಕೇಳಿದ್ದೇನೆ, ಯಾರನ್ನು ಕೇಳಿದೆ ಎಂದು ಗೊತ್ತಿಲ್ಲ.

ನಂಬಿಕೆಯ ಬೇರು ಇನ್ನೂ ಒಂದೆರಡು ಕಡೆ ಇಳಿದಿದೆ. ಕತ್ತಲೆಯಲ್ಲಿ ಅಡಿಕೆ ತೋಟದಲ್ಲಿ ನಡೆಯುವಾಗ ಸರಕ್ಕೆಂದರೆ ಮೊದಲು ಹಾವು ಎಂದೇ ಬೆಚ್ಚುತ್ತೇವೆ, ಆಮೇಲೆ ಬಿದ್ದ ಸೋಗೆ ಎಂದು ತಿಳಿಯುತ್ತದೆ. ಸೋಗೆಯನ್ನು ಹಾವೆಂದು ಹೆದರಿದವನು ಬದುಕುತ್ತಾನೆ. ಹಾವನ್ನು ಸೋಗೆ ಎಂದುಕೊಂಡವನ ವಂಶ ಬೆಳೆಯುವುದಿಲ್ಲ. ಹೀಗಾಗಿ ಸದ್ದಿನ ಹಿಂದೆ ಯಾರೋ ಇದ್ದಾರೆ ಎಂದು ಊಹಿಸುವ ಮನಸ್ಸು ನಮಗೆ ಬಳುವಳಿಯಾಗಿ ಬಂದಿದೆ, ಗುಡುಗಿನ ಹಿಂದೆಯೂ ಜ್ವರದ ಹಿಂದೆಯೂ ಅದು ಯಾರನ್ನೋ ಹುಡುಕುತ್ತದೆ ಎಂದು ಜಸ್ಟಿನ್ ಬ್ಯಾರೆಟ್ ಮೊದಲಾದ ಮನೋವಿಜ್ಞಾನಿಗಳು ಹೇಳುತ್ತಾರೆ. ಅಂದಹಾಗೆ ಬ್ಯಾರೆಟ್ ಸ್ವತಃ ನಂಬಿಕೆಯುಳ್ಳ ಕ್ರೈಸ್ತ. ನಂಬಿಕೆ ಹೇಗೆ ಹುಟ್ಟುತ್ತದೆ ಎಂದು ತೋರಿಸಿದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ ಎಂದು ನೆನಪಿಸಲು ಈ ಮಾತು ಹೇಳಿದೆ.

ಇನ್ನೊಂದು ಬೇರನ್ನು ನಮ್ಮ ಕೃಷಿಯಲ್ಲೇ ನೋಡಬಹುದು. ಬುಡ ಬಿಡಿಸುವುದಕ್ಕೆ, ಸೊಪ್ಪು ಹಾಕುವುದಕ್ಕೆ, ಗೊಬ್ಬರಕ್ಕೆ ಯಾರೂ ಹರಕೆ ಹೊರುವುದಿಲ್ಲ. ಅದು ಕೈಯಲ್ಲಿರುವ ಕೆಲಸ. ಆಟಿ ತಿಂಗಳಲ್ಲಿ ಜಡಿಮಳೆ ಬಿಡದೆ ಹಿಡಿದು, ಮೈಲುತುತ್ತು ಸುಣ್ಣದ ಮದ್ದು ಬಿಡಲು ಎರಡು ದಿನದ ಬಿಸಿಲೂ ಸಿಗದೆ, ಮಹಾಳಿ ರೋಗ ಬಂದು ಎಳೆ ಅಡಿಕೆ ಉದುರತೊಡಗಿದಾಗ ಹರಕೆ ಬರುತ್ತದೆ. ಟ್ರೋಬ್ರಿಯಾಂಡ್ ದ್ವೀಪಗಳ ಮೀನುಗಾರರಲ್ಲಿ ಮಾಲಿನೋವ್ಸ್ಕಿ ಎಂಬ ವಿದ್ವಾಂಸ ಕಂಡದ್ದೂ ಇದನ್ನೇ. ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಮಂತ್ರವಿಲ್ಲ, ತೆರೆದ ಕಡಲಿಗೆ ಹೊರಟಾಗ ಮಂತ್ರವಿದೆ. ಕೈ ಮುಗಿಯುವ ಮೊದಲು ಕೈಯಿಂದ ಆಗುವುದನ್ನೆಲ್ಲ ಮಾಡಿಯೇ ಇರುತ್ತಾರೆ. ಹರಕೆ ಹೊತ್ತವನನ್ನು ಸೋಮಾರಿ ಎನ್ನುವವರು ಅಡಿಕೆ ಬೆಳೆದವರಲ್ಲ.

ಹರಕೆ ಫಲಿಸುತ್ತದೆಯೇ ಎಂದು ನೀವು ಕೇಳಿಲ್ಲ, ಆದರೂ ಒಂದು ಮಾತು. ಅಮೆರಿಕದಲ್ಲಿ 1802 ಮಂದಿ ಹೃದಯದ ಬೈಪಾಸ್ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದರ ಫಲ 2006ರಲ್ಲಿ ಹೊರಬಂತು. ಬೇರೆಯವರು ಪ್ರಾರ್ಥಿಸಿದ್ದರಿಂದ ತೊಡಕು ಕಡಿಮೆಯಾಗಲಿಲ್ಲ. ತಮಗಾಗಿ ಪ್ರಾರ್ಥನೆ ಖಂಡಿತ ನಡೆಯುತ್ತಿದೆ ಎಂದು ಗೊತ್ತಿದ್ದವರಲ್ಲಿ ಶೇಕಡಾ 59 ಮಂದಿಗೆ ತೊಡಕು ಕಾಣಿಸಿತು, ನಡೆಯುತ್ತಿದೆಯೋ ಇಲ್ಲವೋ ಗೊತ್ತಿಲ್ಲದೆ ಪ್ರಾರ್ಥನೆ ಪಡೆದವರಲ್ಲಿ ಶೇಕಡಾ 52 ಮಂದಿಗೆ. ಪವಾಡಗಳ ಬಗ್ಗೆಯೂ ನನಗೆ ಹೆಚ್ಚು ಆಸಕ್ತಿ ಇಲ್ಲ. ಅನಂತಪುರದ ದೇವಸ್ಥಾನದ ಕೆರೆಯಲ್ಲಿದ್ದ, ದೇವರ ಮೊಸಳೆ ಎಂದೇ ಜನ ನಂಬಿದ್ದ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಾಗ ಇನ್ನು ಕಥೆ ಮುಗಿಯಿತು ಎಂದವರಿದ್ದರು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ನಂಬಿದವರು ಕೈಮುಗಿದರು, ನಂಬದವರು ಅದು ಯಾವ ದಾರಿಯಲ್ಲಿ ಬಂತು ಎಂದು ಹುಡುಕಿದರು. ಮೊಸಳೆಯಿಂದ ಯಾರ ಮನಸ್ಸೂ ಬದಲಾದದ್ದನ್ನು ನಾನು ಕಾಣೆ.

ಇಷ್ಟಾದ ಮೇಲೆ ನಿಮ್ಮ ಅಜ್ಜಿಯ ನಂಬಿಕೆಗೆ ಬರಬಹುದು. ಕನ್ನಡದಲ್ಲಿ ‘ದೇವರಿದ್ದಾನೆ ಎಂದು ನಂಬುತ್ತೇನೆ’ ಎಂಬುದು ಒಂದು ವಾಕ್ಯ, ‘ದೇವರನ್ನು ನಂಬಿದ್ದೇನೆ’ ಎಂಬುದು ಇನ್ನೊಂದು. ಮೊದಲನೆಯದು ಅಭಿಪ್ರಾಯ. ಎರಡನೆಯದು ‘ತಮ್ಮನನ್ನು ನಂಬಿ ಜಾಗ ಬಿಟ್ಟುಕೊಟ್ಟೆ’ ಎನ್ನುವಾಗಿನ ನಂಬಿಕೆ. ನೀವು ಕೇಳುತ್ತಿರುವುದು ಮೊದಲನೆಯದನ್ನು, ಅಜ್ಜಿ ಬದುಕುತ್ತಿರುವುದು ಎರಡನೆಯದನ್ನು. 2021ರಲ್ಲಿ ಪ್ರಕಟವಾದ ಪ್ಯೂ ಸಂಸ್ಥೆಯ ಸಮೀಕ್ಷೆಯಲ್ಲಿ ಭಾರತದ ವಯಸ್ಕರಲ್ಲಿ ಶೇಕಡಾ 97 ಮಂದಿ ದೇವರನ್ನು ನಂಬುವುದಾಗಿ ಹೇಳಿದರು. ಅದರಲ್ಲಿ ಯಾರು ಯಾವ ವಾಕ್ಯಕ್ಕೆ ತಲೆಯಾಡಿಸಿದರು ಎಂದು ತಿಳಿಯುವ ಉಪಾಯ ನನಗೆ ಹೊಳೆಯುವುದಿಲ್ಲ.

ನಮ್ಮ ತರವಾಡು ಮನೆಯ, ಅಂದರೆ ಕುಟುಂಬದ ಮೂಲಮನೆಯ, ಒಂದು ಕೋಲದ ಕಥೆ ಹೇಳುತ್ತೇನೆ. ಕೋಲವೆಂದರೆ ಬಣ್ಣ ಹಚ್ಚಿ ವೇಷ ಕಟ್ಟಿದವರ ಮೈಮೇಲೆ ದೈವ ಬಂದು ಮನೆಯವರೊಡನೆ ಮಾತನಾಡುವ ಆರಾಧನೆ. ಆಸ್ತಿ ಪಾಲಾದಂದಿನಿಂದ ನನ್ನ ತಾಯಿಗೂ ಸೋದರಮಾವನಿಗೂ ಹನ್ನೊಂದು ವರ್ಷ ಮಾತಿರಲಿಲ್ಲ. ದೈವ ಗಂಧ ಹಿಡಿದು ಬಂದು ಮಾವನನ್ನು ಹೆಸರು ಹೇಳಿ ಕರೆಯಿತು, ತಂಗಿ ಎಲ್ಲಿದ್ದಾಳೆ ಎಂದು ಕೇಳಿತು. ಮಾವ ದೈವಕ್ಕೆ ಉತ್ತರಿಸಿದರು, ಅಮ್ಮ ದೈವಕ್ಕೆ ಉತ್ತರಿಸಿದರು. ಇಬ್ಬರೂ ಪರಸ್ಪರ ಮುಖ ನೋಡಲಿಲ್ಲ. ಆದರೂ ಹನ್ನೊಂದು ವರ್ಷದ್ದು ಆ ಅಂಗಳದಲ್ಲಿ ಅರ್ಧ ಗಂಟೆಯಲ್ಲಿ ಹೊರಬಂತು. ಅಂದು ನಾನು ಬಿ.ಎ. ಓದುತ್ತಿದ್ದ ಹುಡುಗ, ದೊಂದಿಯ ಹೊಗೆಗೆ ಕಣ್ಣುಜ್ಜುತ್ತಾ ದೂರದಲ್ಲಿ ನಿಂತು ನಗುತ್ತಿದ್ದೆ. ಈಗ ನೆನೆದರೆ, ಮಾತನಾಡುವುದಕ್ಕೆ ಎದುರಿಗೊಬ್ಬರು ಬೇಕಾಗಿದ್ದರು, ಅವರು ಇದ್ದರು ಎಂದಷ್ಟೇ ಹೇಳಬಲ್ಲೆ. ಆ ‘ಇದ್ದರು’ ಎಂಬುದಕ್ಕೆ ಕಲ್ಲು ಇದೆ, ಮರ ಇದೆ ಎನ್ನುವಾಗಿನ ಅರ್ಥ ಹೊಂದುವುದಿಲ್ಲ. ಹಾಗಾದರೆ ಯಾವ ಅರ್ಥ ಎಂದು ನೀವು ಪಟ್ಟು ಹಿಡಿದರೆ ನನ್ನಲ್ಲಿ ಚೊಕ್ಕ ಉತ್ತರವಿಲ್ಲ. ಉಪಯೋಗಕ್ಕೆ ಬಂತು ಎಂಬುದರಿಂದ ಸತ್ಯ ಎಂದಾಗುವುದಿಲ್ಲ ಎಂದು ನಾನೇ ಮಕ್ಕಳಿಗೆ ಪಾಠ ಹೇಳಿದವನು.

ಆ ಅಂಗಳವನ್ನು ಹೊಗಳಿ ಸುಮ್ಮನಾಗಲೂ ನನಗೆ ಮನಸ್ಸಿಲ್ಲ. ರಾತ್ರಿ ಯಾರ ಎದುರು ಮಾವ ತಲೆ ತಗ್ಗಿಸಿದರೋ, ಆ ದೈವದ ವೇಷ ಕಟ್ಟಿದವರು ಬೆಳಗ್ಗೆ ಬಣ್ಣ ತೊಳೆದ ಮೇಲೆ, ಜಾತಿಯ ಕಾರಣಕ್ಕೆ, ಜಗಲಿ ಹತ್ತುವಂತಿರಲಿಲ್ಲ. ಅಂಗಳದ ಮೂಲೆಯಲ್ಲಿ ಬಾಳೆಲೆ ಹಾಕಿ ಊಟ. ನಮ್ಮ ಕಡೆ ಎಷ್ಟೋ ಜನ ದೇವರಿಂದ ದೂರವಾದದ್ದು ಡಾರ್ವಿನ್ನನಿಂದಲ್ಲ, ಈ ಬೆಳಗಿನಿಂದ. ಚಂದ್ರಗಿರಿ ಹೊಳೆಯ ಆಚೆಗೆ ಹೋದರೆ ಪೊಟ್ಟನ್ ತೆಯ್ಯಂ ಎಂಬ, ಕೆಂಡದ ಮೇಲೆ ಮಲಗುವ ದೈವವೇ ಈ ಪ್ರಶ್ನೆಯನ್ನು ಕೇಳುತ್ತದೆ: ನಿಮ್ಮ ಮೈ ಕೊಯ್ದರೂ ನೆತ್ತರು, ನಮ್ಮ ಮೈ ಕೊಯ್ದರೂ ನೆತ್ತರು, ಮತ್ತೆ ಭೇದ ಎಲ್ಲಿಯದು ಎಂಬರ್ಥದಲ್ಲಿ. ಸಂದೇಹಕ್ಕೂ ಮುಖವರ್ಣಿಕೆ ಬರೆದು, ಕೆಂಡದ ಮೇಲೆ ಮಲಗಿಸಿ, ಕೈಮುಗಿದ ಊರು ನಮ್ಮದು.

ಕೊನೆಗೆ ಮುಡಿಪು. ನಂಬಿಕೆ ಇಲ್ಲದೆ ಕೊಟ್ಟರೆ ಕಪಟವೇ? ನೀವು ನಂಬುತ್ತೀರಿ ಎಂದು ಅಜ್ಜಿಗೆ ಸುಳ್ಳು ಹೇಳಿ ಕೊಟ್ಟರೆ ಕಪಟ. ಹಾಗೆ ಹೇಳಬೇಕಾಗಿಲ್ಲ, ತಂಬಿಲಕ್ಕೆ ಮೊದಲು ಒಂದು ಸಂಜೆ ಅವರ ಹತ್ತಿರ ಕುಳಿತು, ನನಗೆ ನಿಮ್ಮಂತೆ ನಂಬಲು ಆಗುತ್ತಿಲ್ಲ ಅಜ್ಜಿ ಎಂದು ಹೇಳಿ. ಅವರು ಆಕಾಶ ಕಳಚಿ ಬಿದ್ದವರಂತೆ ಆಡುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ಮೊಮ್ಮಗನನ್ನು ಅಷ್ಟು ವರ್ಷ ಎತ್ತಿ ಮಲಗಿಸಿ, ಕೊನೆಗೆ ಕಳೆದುಕೊಂಡವರು. ನಿಮಗೆ ಬಂದ ಸಂದೇಹ ಅವರಿಗೆ ನಡುರಾತ್ರಿ ನೂರು ಸಲ ಬಂದಿರುತ್ತದೆ. ಆ ಮುಡಿಪು ಯಾವ ವರ್ಷ, ಏನನ್ನು ಹೇಳಿಕೊಂಡು ಕಟ್ಟಿಟ್ಟದ್ದು ಎಂದು ಕೇಳಿ. ಬಹುಶಃ ಅದು ಆ ಹುಡುಗನ ಹೆಸರಿನದ್ದು. ಹಾಗಿದ್ದರೆ ಅದನ್ನು ತಲುಪಿಸುವ ಕೆಲಸ ಅವನದ್ದಾಗಬೇಕಿತ್ತು, ಈಗ ಅವನ ಬದಲು ನಿಮ್ಮನ್ನು ಕೇಳುತ್ತಿದ್ದಾರೆ. ಕೊಟ್ಟು ಬನ್ನಿ. ಕೈಮುಗಿಯಬೇಕೋ ಬೇಡವೋ ಎಂಬುದನ್ನು ಅಲ್ಲಿ ನಿಂತಾಗ ತೀರ್ಮಾನಿಸಿಕೊಳ್ಳಿ.